ಖಾಲಿ ತಟ್ಟೆ

ಪಥ್ಯಾಹಾರ ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಆಸ್ಪತ್ರೆಯೊಂದರಲ್ಲಿ ತರಬೇತಿಗೆ ಸೇರಿದ್ದೇನೆಂದು ತಿಳಿದಾಗ ನಮ್ಮ ಬಸದಿಯ ಹಿರಿಯರೊಬ್ಬರು, "ಅಲ್ಲಿ ನಿನಗೇನಮ್ಮ ಕೆಲಸ? ರೋಗಿಗಳಿಗೆ ಅಡಿಗೆ ಮಾಡುವುದೇ?" ಎಂದು ಕೇಳಿದ್ದರು. ಅಂದು ನಕ್ಕು ಸುಮ್ಮನಾಗಿದ್ದೆ. ಈ ಲೇಖನವನ್ನು ಅವರಿಗೆ ತಡವಾಗಿ ಸಲ್ಲಿಸುತ್ತಿರುವ ಉತ್ತರವೆಂದು ವಾಚಕರು ಭಾವಿಸಬಹುದು. ಇದು 2022ನೆಯ ಇಸವಿಯ ಶ್ರಾವಣ ಮಾಸದ ಒಂದು ವಾರದ ಸಂಗತಿ. ಸ್ಥಳ ಮೈಸೂರು.

ಇಂಡಿಯನ್ ಡಯೆಟೆಟಿಕ್ ಅಸೋಸಿಯೇಷನ್ ನಡೆಸುವ ನೋಂದಣಿ ಪರೀಕ್ಷೆಗೆ ಕೂರಬೇಕಾದರೆ ಆರು ತಿಂಗಳು ಆಸ್ಪತ್ರೆಯಲ್ಲಿ ದುಡಿದ ಪ್ರಮಾಣಪತ್ರ ಬೇಕು. ಆ ಪತ್ರಕ್ಕೆ ಸಹಿ ಹಾಕುವವರು ವಿಭಾಗದ ಹಿರಿಯ ಪಥ್ಯತಜ್ಞೆ. ನಮ್ಮ ಕೆಲಸವೆಂದರೆ ಬೆಳಿಗ್ಗೆ ವಾರ್ಡಿಗೆ ಹೋಗಿ ರೋಗಿಯ ಎತ್ತರ, ತೂಕ, ರಕ್ತಪರೀಕ್ಷೆಯ ವರದಿಗಳನ್ನು ನೋಡುವುದು. ಹಿಂದಿನ ದಿನ ಏನೇನು ತಿಂದರೆಂದು ಕೇಳಿ ಬರೆದುಕೊಳ್ಳುವುದು. ಯಾರಿಗೆ ಎಷ್ಟು ಅನ್ನ, ಎಷ್ಟು ಬೇಳೆ, ಉಪ್ಪು ಇರಬೇಕೇ ಬೇಡವೇ ಎಂದು ಹಾಳೆ ಸಿದ್ಧಪಡಿಸಿ ಅಡಿಗೆಮನೆಗೆ ಕಳಿಸುವುದು. ಊಟವಾದ ಮೇಲೆ ಎಷ್ಟು ಸೇವಿಸಿದರೆಂದು ದಾಖಲಿಸುವುದು. ಮೊಟ್ಟೆ ತಿನ್ನುವವರ ಹಾಳೆಯಲ್ಲಿ ಮೊಟ್ಟೆಯೆಂದು ಬರೆಯುವಾಗ ಮೊದಮೊದಲು ನನ್ನ ಕೈ ತಡೆಯುತ್ತಿತ್ತು. ಅದೊಂದು ಬೇರೆಯೇ ಪ್ರಶ್ನೆ, ಇನ್ನೊಮ್ಮೆ ಬರೆಯುತ್ತೇನೆ. ಈ ವಾರ ನನ್ನನ್ನು ಕಾಡಿದ್ದು ಕೊನೆಯ ಕೆಲಸ, ಎಲ್ಲಕ್ಕಿಂತ ಸುಲಭವೆಂದು ನಾನು ತಿಳಿದಿದ್ದ ಕೆಲಸ.

ಸೋಮವಾರ ಮಧ್ಯಾಹ್ನ ನನ್ನ ಪಾಲಿಗೆ ಮೂವತ್ತನಾಲ್ಕು ತಟ್ಟೆಗಳಿದ್ದವು. ಹೆಂಗಸರ ವಾರ್ಡಿನ ಮೂಲೆಯ ಹಾಸಿಗೆಯಲ್ಲಿ ಹುಣಸೂರಿನ ಕಡೆಯ ಹಳ್ಳಿಯ ಅರವತ್ತರ ಆಸುಪಾಸಿನ ತಾಯಿಯೊಬ್ಬರಿದ್ದರು. ಸಕ್ಕರೆ ಕಾಯಿಲೆ, ಪಾದದಲ್ಲಿ ಮಾಯದ ಹುಣ್ಣು. ಊಟಕ್ಕೆ ಅರ್ಧ ಗಂಟೆ ಮೊದಲು ಸಿಸ್ಟರ್ ಇನ್ಸುಲಿನ್ ಚುಚ್ಚಿ ಹೋಗಿದ್ದರು. ಆ ದಿನದ ತಟ್ಟೆಯಲ್ಲಿ ಅನ್ನ, ಸೊಪ್ಪಿನ ಸಾರು, ಹುರುಳಿಕಾಯಿ ಪಲ್ಯ, ಮಜ್ಜಿಗೆ. ನಾನು ಹಿಂತಿರುಗಿ ಬಂದಾಗ ತಟ್ಟೆ ತೊಳೆದಂತೆ ಖಾಲಿಯಾಗಿತ್ತು. "ಊಟ ಆಯಿತೇನಮ್ಮ?" ಎಂದೆ. ಅವರು ತಲೆಯಾಡಿಸಿದರು. "ಪೂರ್ತಿ ಸೇವನೆ" ಎಂದು ಬರೆದು ಸಹಿ ಮಾಡಿ ಮುಂದಿನ ಹಾಸಿಗೆಗೆ ಹೋದೆ. ಇಷ್ಟಕ್ಕೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ.

ಮೂರೂವರೆಯ ಹೊತ್ತಿಗೆ ಆ ತಾಯಿ ಬೆವತು ನಡುಗಿ, ಮಗಳ ಗುರುತು ಸಿಗದವರಂತೆ ಮಾತನಾಡತೊಡಗಿದರು. ರಕ್ತದಲ್ಲಿ ಸಕ್ಕರೆ 52. ಎಪ್ಪತ್ತಕ್ಕಿಂತ ಕೆಳಗಿಳಿದರೆ ಅಪಾಯವೆಂದು ಎಣಿಕೆ. ಕೂಡಲೇ ಗ್ಲೂಕೋಸ್ ಕೊಟ್ಟರು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿದರು, ಚೇತರಿಸಿಕೊಂಡರು. ವೈದ್ಯರು ಬಂದು ನನ್ನ ಹಾಳೆಯನ್ನು ತಿರುವಿ ನೋಡಿದರು. ಊಟವನ್ನೆಲ್ಲ ಮಾಡಿಯೂ ಸಕ್ಕರೆ ಇಷ್ಟು ಇಳಿದಿದೆಯೆಂದರೆ ಔಷಧಿಯೇ ಹೆಚ್ಚಾಗಿರಬೇಕು ಎಂಬ ತೀರ್ಮಾನಕ್ಕೆ ಬಂದು ಇನ್ಸುಲಿನ್ನಿನ ಪ್ರಮಾಣವನ್ನು ತಗ್ಗಿಸಿದರು. ನನ್ನ ಬರಹ ಸತ್ಯವಾಗಿದ್ದರೆ ಅವರ ತೀರ್ಮಾನವೂ ಸರಿಯೇ.

ಮಂಗಳವಾರ ನನ್ನ ಸರದಿ ಅಡಿಗೆಮನೆಯಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದಲ್ಲಿ 528 ಆಹಾರ ಪದಾರ್ಥಗಳ ಸತ್ತ್ವಾಂಶಗಳಿವೆ. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣಾಂಶವೆಂಬುದು ನಮಗೆಲ್ಲ ಬಾಯಿಪಾಠ. ಆದರೆ ಆ ಅಂಕಿಗಳು ತಟ್ಟೆಗೆ ಇಳಿಯುವ ಬಗೆಯನ್ನು ಕಲಿಸಿದವರು ಅಡಿಗೆಯವರೇ. ಮೂತ್ರಪಿಂಡದ ರೋಗಿಗಳಿಗೆ ತರಕಾರಿಯ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ನೀರಿನಲ್ಲಿ ನೆನೆಸಿ, ಬೇಯಿಸಿದ ನೀರನ್ನು ಚೆಲ್ಲಿ ಪೊಟ್ಯಾಸಿಯಂ ಕಡಿಮೆ ಮಾಡುತ್ತಾರೆ. ನಾವು ಮನೆಯಲ್ಲಿ ಸತ್ತ್ವವೆಂದು ಉಳಿಸಿಕೊಳ್ಳುವ ಬಸಿದ ನೀರು ಅವರಿಗೆ ವರ್ಜ್ಯ, ಎಳನೀರೂ ಹಾಗೆಯೇ. ಮೂಗಿನ ನಳಿಕೆಯ ಮೂಲಕ ಕೊಡುವ ಗಂಜಿಯನ್ನು ಎರಡು ಬಾರಿ ಸೋಸುವುದನ್ನು ಅಲ್ಲಿಯೇ ಕಂಡೆ.

ಸಂಜೆ ಮನೆಗೆ ಹೊರಡುವ ಮುನ್ನ ಆ ತಾಯಿಯನ್ನು ನೋಡಲು ಹೋದೆ. ಕುಶಲ ವಿಚಾರಿಸುತ್ತಿದ್ದಂತೆ ಅವರು ನನ್ನ ಕೈ ಹಿಡಿದುಕೊಂಡು ಮೆಲ್ಲನೆ ಹೇಳಿದರು: "ನಿನ್ನೆ ಸೋಮವಾರ ಕಣವ್ವ. ಶ್ರಾವಣದ ಸೋಮವಾರ ನಾನು ಅನ್ನ ಮುಟ್ಟಾಕಿಲ್ಲ. ತಟ್ಟೆಯ ಮಗಳಿಗೆ ಕೊಟ್ಬುಟ್ಟೆ. ಡಾಕ್ಟ್ರಿಗೆ ಹೇಳ್ಬ್ಯಾಡ, ಬಯ್ತಾರೆ."

ಯಾರಿಗೂ ಹೇಳುವುದಿಲ್ಲವೆಂದು ನಾನು ಮಾತು ಕೊಡಲಿಲ್ಲ, ಹೇಳುತ್ತೇನೆಂದೂ ಅನ್ನಲಿಲ್ಲ. ಅದು ಆ ಹೊತ್ತಿನ ಹೇಡಿತನ.

ಬುಧವಾರ ಬೆಳಿಗ್ಗೆ ಅವರ ಸಕ್ಕರೆ 310ಕ್ಕೆ ಏರಿತ್ತು, ಮಧ್ಯಾಹ್ನ 340. ಕಿರಿಯ ವೈದ್ಯರು ಹಾಳೆಗಳನ್ನು ಮುಂದೆ ಹರಡಿಕೊಂಡು, ಒಂದು ದಿನ ಇಷ್ಟು ಕೆಳಗೆ, ಮರುದಿನಗಳಲ್ಲಿ ಇಷ್ಟು ಮೇಲೆ, ಕಾರಣವೇ ತಿಳಿಯುತ್ತಿಲ್ಲವೆಂದು ಗೊಣಗುತ್ತಿದ್ದರು. ಕಾರಣ ಅವರಿಂದ ನಾಲ್ಕು ಮಾರು ದೂರದಲ್ಲಿ ನಿಂತಿತ್ತು. ಹುಣ್ಣು ಮಾಯಬೇಕಾದರೆ ಸಕ್ಕರೆ ಹತೋಟಿಯಲ್ಲಿರಬೇಕೆಂದು ಪರೀಕ್ಷೆಯಲ್ಲಿ ಎರಡು ಪುಟ ಬರೆದವಳು ನಾನು. ಬಾಯಿ ತೆರೆಯಲಿಲ್ಲ. ಪ್ರಮಾಣಪತ್ರ ಕಣ್ಣ ಮುಂದೆ ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ಅದರ ಜೊತೆಗೆ, ರೋಗಿಯ ಗುಟ್ಟನ್ನು ಬಯಲು ಮಾಡಬಾರದೆಂಬ ಒಳ್ಳೆಯ ನೆಪವೂ ಸಿಕ್ಕಿತ್ತು.

ಅಂದು ಸಂಜೆ ಅಜ್ಜಿಯ ಬಳಿ ಕುಳಿತು ಎಲ್ಲವನ್ನೂ ಹೇಳಿದೆ. ಚಾತುರ್ಮಾಸದಲ್ಲಿ ನಮ್ಮ ಅಜ್ಜಿ ಸೊಪ್ಪು ಬಿಡುತ್ತಾರೆ, ಅಷ್ಟಮಿ ಚತುರ್ದಶಿಗಳಲ್ಲಿ ಏಕಾಶನ ಮಾಡುತ್ತಾರೆ. ಅವರ ಮಗ್ಗುಲಲ್ಲೇ ಬೆಳೆದ ನನಗೆ ಶ್ರಾವಣ ಸೋಮವಾರದ ಒಪ್ಪತ್ತು ಹೊಳೆಯಲಿಲ್ಲವೆಂದರೆ ಏನನ್ನಬೇಕು?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಓದಿದವರಿಗೆ ಸತ್ಯಾಣುವ್ರತದ ಐದು ಅತಿಚಾರಗಳು ನೆನಪಿರುತ್ತವೆ. ಅವುಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ದಾಖಲೆಯನ್ನು ಬರೆಯುವುದು, ಒಂದು. ರಹೋಭ್ಯಾಖ್ಯಾನ, ಅಂದರೆ ಇನ್ನೊಬ್ಬರ ಗುಟ್ಟನ್ನು ಹೊರಗೆಡಹುವುದು, ಮತ್ತೊಂದು. ಎರಡನ್ನೂ ಒಂದೇ ಪಟ್ಟಿಯಲ್ಲಿ ಇಟ್ಟಿರುವಾಗ ಒಂದರಿಂದ ತಪ್ಪಿಸಿಕೊಳ್ಳಲು ಇನ್ನೊಂದಕ್ಕೆ ಬೀಳಬೇಕಲ್ಲ ಎಂದು ನಾನು ವಾದಿಸಿದೆ. ಅಷ್ಟಕ್ಕೂ ಸೋಮವಾರ ನಾನು ಬೇಕೆಂದು ಸುಳ್ಳು ಬರೆದಿರಲಿಲ್ಲವೆಂದೂ ಹೇಳಿದೆ.

ಅಜ್ಜಿ ಜಪಸರವನ್ನು ಕೆಳಗಿಟ್ಟು ಹೇಳಿದರು: "ಸೋಮವಾರ ನೀನು ಬರೆದದ್ದು ತಪ್ಪು, ಮಗು. ನಿನ್ನೆ ಸಂಜೆಯಿಂದ ಅದು ಸುಳ್ಳು. ಇನ್ನು ಗುಟ್ಟಿನ ಮಾತು. ಅದು ಆ ತಾಯಿಯದು. ನನ್ನನ್ನೇಕೆ ಕೇಳುತ್ತೀ? ಅವರನ್ನೇ ಕೇಳು."

ಇಷ್ಟು ಸರಳವಾದದ್ದು ನನಗೆ ತೋಚಿರಲಿಲ್ಲ. ಗುಟ್ಟನ್ನು ಕಾಯುವ ಮಾತಾಡುತ್ತ, ಆ ಗುಟ್ಟಿನ ಒಡತಿಗೆ ಅದರಿಂದ ಏನಾಗುತ್ತಿದೆಯೆಂದು ನಾನು ತಿಳಿಸಿಯೇ ಇರಲಿಲ್ಲ.

ಗುರುವಾರ ಏಳು ಗಂಟೆಗೇ ವಾರ್ಡಿಗೆ ಹೋದೆ. ಸೋಮವಾರದ ಖಾಲಿ ಹೊಟ್ಟೆಯ ಮೇಲೆ ಬಿದ್ದ ಔಷಧಿಯಿಂದ ತಲೆಸುತ್ತು ಬಂದದ್ದನ್ನೂ, ನನ್ನ ಬರಹವನ್ನು ನಂಬಿ ವೈದ್ಯರು ಔಷಧಿ ಇಳಿಸಿದ್ದನ್ನೂ, ಈಗ ಸಕ್ಕರೆ ಏರಿ ಹುಣ್ಣಿಗೆ ಕೇಡಾಗುತ್ತಿರುವುದನ್ನೂ ವಿವರಿಸಿದೆ. ಮಗಳು ಅಳತೊಡಗಿದಳು. ತಾಯಿ ಮಾತ್ರ ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದು, "ನೀನೂ ಕೇಳ್ಲಿಲ್ವಲ್ಲವ್ವ" ಎಂದರು. ಕೋಪದಿಂದ ಹೇಳಿದ ಮಾತಲ್ಲ. ಆಮೇಲೆ, "ಹೇಳು ಹೋಗು. ನನ್ನ ಮಗಳ ಮೇಲೆ ರೇಗ್ಬ್ಯಾಡ ಅಂತ ಮಾತ್ರ ಹೇಳು" ಎಂದರು.

ಹಿರಿಯ ಪಥ್ಯತಜ್ಞೆ ನನ್ನ ಮಾತನ್ನು ಪೂರ್ತಿ ಕೇಳಿಕೊಂಡರು. ಬೈಯುತ್ತಾರೆಂದು ಕಾದು ನಿಂತಿದ್ದೆ. ಸೋಮವಾರದ ಹಾಳೆ ತರಿಸಿದರು. ಹಳೆಯ ಬರಹದ ಮೇಲೆ ಅದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ "ಸೇವಿಸಿಲ್ಲ, ರೋಗಿಯ ಹೇಳಿಕೆ" ಎಂದು ಬರೆದು, ಆ ದಿನದ ತಾರೀಖು, ವೇಳೆ, ಸಹಿ ಹಾಕುವಂತೆ ಹೇಳಿದರು. ಅಳಿಸುವಂತಿಲ್ಲ, ಹೊಸ ಹಾಳೆ ಬರೆಯುವಂತಿಲ್ಲ. ಆಮೇಲೆ ವೈದ್ಯರ ಬಳಿಗೆ ನನ್ನನ್ನೇ ಕಳಿಸಿದರು. ಅವರು ನನ್ನ ಮುಖವನ್ನೂ ನೋಡದೆ ಇನ್ಸುಲಿನ್ನನ್ನು ಮೊದಲಿನ ಪ್ರಮಾಣಕ್ಕೆ ತಂದರು. ಆ ನೋಡದಿರುವಿಕೆ ನನಗೆ ಬೈಗುಳಕ್ಕಿಂತ ಹೆಚ್ಚಾಯಿತು. ನನ್ನ ಮೌಲ್ಯಮಾಪನದ ಪುಸ್ತಕದಲ್ಲಿ ಈ ಸಂಗತಿ ಒಂದು ಸಾಲಾಗಿ ಉಳಿಯಿತು, ಈಗಲೂ ಇದೆ.

ಶುಕ್ರವಾರದ ಬಗ್ಗೆ ಬರೆಯುವಂತಹುದೇನಿಲ್ಲ, ಸಕ್ಕರೆ ಇಳಿಮುಖವಾಯಿತು.

ಶನಿವಾರ ನಾನು, ಆ ತಾಯಿ, ಮಗಳು ಮೂವರೂ ಕುಳಿತು ಬರುವ ಸೋಮವಾರದ ಲೆಕ್ಕ ಹಾಕಿದೆವು. ಏನನ್ನೂ ತಿನ್ನಬಾರದೇ ಎಂದು ಕೇಳಿದೆ. "ಅನ್ನ ಒಂದೇ ಕಣವ್ವ ಇಲ್ದೇ ಇರೋದು. ಚಪಾತಿ, ಉಪ್ಪಿಟ್ಟು ಆದ್ರೆ ತಿಂತೀನಿ" ಎಂದರು. ಮಧ್ಯಾಹ್ನಕ್ಕೆ ಅನ್ನ, ರಾತ್ರಿಗೆ ಚಪಾತಿ ಎಂಬುದು ನಮ್ಮ ಅಡಿಗೆಮನೆಯ ಕ್ರಮ. ಎರಡನ್ನೂ ಅದಲುಬದಲು ಮಾಡಿ ಎರಡು ಚಪಾತಿ ಮುಂಚೆ ಕಳಿಸಿದ್ದರೆ ಸೋಮವಾರ ಏನೂ ಆಗುತ್ತಿರಲಿಲ್ಲ. ರಾತ್ರಿಯೂ ಅನ್ನ ಬೇಡವೆಂದಾಗ ಗೋಧಿ ರವೆಯ ಉಪ್ಪಿಟ್ಟೆಂದು ಬರೆದೆ. ವೈದ್ಯರು ಹಾಳೆ ನೋಡಿ ಒಪ್ಪಿಗೆ ಹಾಕಿದರು.

ಸೋಮವಾರ ಮಧ್ಯಾಹ್ನ ತಳ್ಳುಗಾಡಿಯ ಜೊತೆಯಲ್ಲೇ ಹೋಗಿ ಹಾಸಿಗೆಯ ಬಳಿ ಸ್ಟೂಲು ಎಳೆದುಕೊಂಡು ಕುಳಿತೆ. ಎರಡು ಚಪಾತಿ, ಹೆಸರುಕಾಳಿನ ಪಲ್ಯ, ಮೊಸರು. ಉಳಿದ ತಟ್ಟೆಗಳು ಕಾಯುತ್ತಿದ್ದವು. ಅವರು ನಿಧಾನವಾಗಿ ಅಗಿಯುತ್ತ ನನ್ನನ್ನು ನೋಡಿ ನಕ್ಕು, "ಬರ್ಕೊ ಮತ್ತೆ" ಎಂದರು. ಅರ್ಧ ಚಪಾತಿ ಉಳಿಯಿತು. "ಚಪಾತಿ ಒಂದೂವರೆ, ಪಲ್ಯ ಪೂರ್ತಿ, ಮೊಸರು ಪೂರ್ತಿ" ಎಂದು ಬರೆದು ಸಹಿ ಮಾಡಿ, ಪಕ್ಕದ ಹಾಸಿಗೆಗೆ ಸ್ಟೂಲನ್ನು ಎತ್ತಿಕೊಂಡು ಹೋದೆ.