ಅಮೃತಾಪುರದಲ್ಲಿ ಕಲ್ಲು ತಂಪು, ಕಾರು ಬಿಸಿ

ಬೆಂಗಳೂರು–ಶಿವಮೊಗ್ಗ ಹೆದ್ದಾರಿಯಲ್ಲಿ ಬರುವವರು ತರೀಕೆರೆಯಲ್ಲಿ ತಿರುಗಿ ಹತ್ತು ಕಿಲೋಮೀಟರಿನಷ್ಟು ಸಾಗಿದರೆ ಅಮೃತಾಪುರ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ ಇಲ್ಲಿದೆ. ಬೇಲೂರು, ಹಳೇಬೀಡಿನ ನೂಕುನುಗ್ಗಲಿಲ್ಲ. ದಕ್ಷಿಣದ ಗೋಡೆಯ 70 ಫಲಕಗಳಲ್ಲಿ ರಾಮಾಯಣ, ಅದೂ ಎಡಸುತ್ತಾಗಿ ಸಾಗುತ್ತದೆ. ಉತ್ತರದಲ್ಲಿ ಕೃಷ್ಣಲೀಲೆಗೆ 25, ಮಹಾಭಾರತಕ್ಕೆ 45 ಫಲಕಗಳು. ಮುಂದೆ ಸೋಮನಾಥಪುರದಲ್ಲಿ ಹೆಸರಾದ ಶಿಲ್ಪಿ ಮಲ್ಲಿತಮ್ಮ ಉಳಿ ಹಿಡಿದು ಪಳಗಿದ್ದು ಇಲ್ಲಿಯ ಒಳಛಾವಣಿಗಳಲ್ಲಿ. ಬಾಗಿಲ ಬಳಿಯ ಶಾಸನದ ಪದ್ಯಗಳು ಕವಿ ಜನ್ನನವು. ಕನ್ನಡ ಓದುವ ಮಕ್ಕಳು ಅದರ ಮುಂದೆ ಎರಡು ನಿಮಿಷ ನಿಲ್ಲಲಿ.

ಇದೆಲ್ಲ ನೋಡಲು ಒಂದು ಗಂಟೆಯಾದರೂ ಬೇಕು. ಆ ಒಂದು ಗಂಟೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಏನಾಗುತ್ತದೆ?

ಏಪ್ರಿಲ್ ತಿಂಗಳಲ್ಲಿ ನಾವು ಹೋದಾಗ ಡಿಕ್ಕಿಯಲ್ಲೊಂದು ಹೊಲಿಗೆ ಯಂತ್ರವಿತ್ತು. ಶಿವಮೊಗ್ಗದಲ್ಲಿ ಹೊಲಿಗೆ ತರಬೇತಿಗೆ ಸೇರಲಿದ್ದ ತಂಗಿಯ ಮಗಳದು. ಕರೆಂಟಿನ ಹೊಸ ಮಾದರಿ. ತಾಯಿ ಚೀಟಿ ಎತ್ತಿ ಕೊಡಿಸಿದ್ದು. "ಮಿಷನ್ನಿಗೆ ಬಿಸಿಲೇನು ಮಾಡುತ್ತೆ ಮಾವ?" ಎಂದಳು ಹುಡುಗಿ. ಆದರೂ ಅದನ್ನಿಳಿಸಿ ಹತ್ತಿರದ ಮನೆಯೊಂದರ ಜಗಲಿಯಲ್ಲಿ ಇಟ್ಟೆವು.

ಗಾಜಿನ ಮೂಲಕ ಒಳಬಂದ ಬಿಸಿಲು ಸೀಟು, ಡ್ಯಾಶ್‌ಬೋರ್ಡುಗಳನ್ನು ಕಾಯಿಸುತ್ತದೆ. ಕಾದ ಗಾಳಿಗೆ ಹೊರಹೋಗಲು ದಾರಿಯಿಲ್ಲ. ಅಮೆರಿಕದ ಅರಿಜೋನಾದಲ್ಲಿ 38 ಡಿಗ್ರಿಗೂ ಮೀರಿದ ಸೆಖೆಯ ದಿನಗಳಲ್ಲಿ ಅಳೆದು 2018ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಬಿಸಿಲಿನ ಕಾರಿನಲ್ಲಿ ಒಂದೇ ಗಂಟೆಗೆ ಒಳಗಾಳಿ ಸರಾಸರಿ 47 ಡಿಗ್ರಿ, ಡ್ಯಾಶ್‌ಬೋರ್ಡು 69. ನೆರಳಿನಲ್ಲಿದ್ದ ಕಾರಿನಲ್ಲಿ 38 ಮತ್ತು 48. (ಮಕ್ಕಳನ್ನು "ಐದೇ ನಿಮಿಷ" ಎಂದು ಕಾರಿನಲ್ಲಿ ಬಿಟ್ಟು ಹೋಗುವ ತಂದೆತಾಯಿಗಳು ಈ ಅಂಕಿಗಳನ್ನು ಇನ್ನೊಮ್ಮೆ ಓದಬೇಕು.)

ಇಂಥ ಕಾವಿನಲ್ಲಿ ಯಂತ್ರದ ಪ್ಲಾಸ್ಟಿಕ್ ಕವಚ ಸೊಟ್ಟಗಾಗಬಹುದು, ಪುಟ್ಟ ಪರದೆ ಕಪ್ಪಾಗಬಹುದು, ರಬ್ಬರ್ ಬೆಲ್ಟು ಬಿಗಿ ಕಳೆದುಕೊಳ್ಳಬಹುದು. ಎಣ್ಣೆ ತೆಳುವಾಗಿ, ಬೇಕಾದ ಕಡೆಯಿಂದ ಇಳಿದು ಬೇಡವಾದ ಕಡೆ ಸೇರುತ್ತದೆ. ಹಳೆಯ ಕಪ್ಪು ಕಬ್ಬಿಣದ ಯಂತ್ರ ಬಿಸಿಲಿಗೆ ಬಗ್ಗುವುದಿಲ್ಲ ನಿಜ, ಆದರೆ ಅದರಲ್ಲಿ ಉಳಿದ ಎಣ್ಣೆ ಮತ್ತೆಮತ್ತೆ ಕಾದು ಅಂಟಾಗುತ್ತದೆ.

ಚಳಿಯ ಕಥೆ ಹೇಳಿದ್ದು ಆ ಜಗಲಿಯ ಮನೆಯಾಕೆ. ಅವರಲ್ಲೂ ಕಾಲಲ್ಲಿ ತುಳಿಯುವ ಯಂತ್ರವೊಂದಿತ್ತು. ಹಿಂದೆ ಮಿಷನ್ ಎಣ್ಣೆ ಮುಗಿದಾಗ ಕೊಬ್ಬರಿ ಎಣ್ಣೆ ಬಿಡುತ್ತಿದ್ದರಂತೆ. "ಡಿಸೆಂಬರ್ ಬೆಳಗ್ಗೆ ಚಕ್ರ ಅಲ್ಲಾಡ್ತಾನೇ ಇರ್ಲಿಲ್ಲ ನೋಡಿ" ಎಂದು ನಕ್ಕರು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಮಲೆನಾಡಿನ ಅಂಚಿಗೆ ಆ ಚಳಿ ದೊಡ್ಡದೇನಲ್ಲ.

ಬಿಸಿಲಿನಲ್ಲಿ ಉಳಿದ ಯಂತ್ರವನ್ನು ಮನೆಗೆ ತಂದೊಡನೆ ಪ್ಲಗ್ಗಿಗೆ ಹಾಕಬಾರದು. ಕೆಲವು ಗಂಟೆ ಕೋಣೆಯಲ್ಲಿ ತಣಿಯಲಿ. ಬಳಿಕ ಕೈಚಕ್ರವನ್ನು ನಿಮ್ಮ ಕಡೆಗೆ ನಿಧಾನವಾಗಿ ತಿರುಗಿಸಿ ನೋಡಿ. ಬಿಗಿಯೆನಿಸಿದರೆ ಬಲ ಹಾಕದೆ ಮೆಕ್ಯಾನಿಕ್ಕಿಗೆ ತೋರಿಸಿ. ಚಳಿಯಲ್ಲಿದ್ದುದನ್ನು ಬೆಚ್ಚಗಿನ, ತೇವದ ಕೋಣೆಗೆ ತಂದರೆ ಲೋಹದ ಮೇಲೆ ಹನಿ ಕೂರುತ್ತದೆ. ಅದು ಆರುವವರೆಗೂ ಕಾಯಬೇಕು, ಇಲ್ಲವಾದರೆ ತುಕ್ಕು.

ಹೊರಗೆ ಅಂಗಳದ ಕಲ್ಲು ಬರಿಗಾಲು ಸುಡುತ್ತಿದ್ದರೂ ದೇವಾಲಯದ ತೆರೆದ ಮಂಟಪ ತಂಪಾಗಿತ್ತು. ಮುಂಚಾಚಿದ ಸೂರು ಬಿಸಿಲನ್ನು ತಡೆಯುತ್ತದೆ, ಕಂಬಗಳ ನಡುವೆ ಗಾಳಿ ಆಡುತ್ತದೆ, ದಪ್ಪ ಕಲ್ಲು ಕಾಯಲು ಹೊತ್ತು ಹಿಡಿಯುತ್ತದೆ. ಅಲ್ಲಿಂದ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಗೆ ಹೊರಟಾಗ ಹುಡುಗಿ ಯಂತ್ರವನ್ನು ಡಿಕ್ಕಿಗೆ ಹಾಕಲು ಬಿಡಲಿಲ್ಲ; ತನ್ನ ಕಾಲಬುಡದಲ್ಲಿಟ್ಟುಕೊಂಡು, ಮೇಲೆ ದುಪಟ್ಟಾ ಹೊದಿಸಿದಳು.