ಸಂತೆಯಲ್ಲಿ ಕೇಳದ ಕಿವಿ ಮಷಿನ್ ಯಾತಕ್ಕೆ?

ನಮ್ಮ ಕಡೆ ಕಣ್ಣು ಮಂಜಾದರೆ ಕನ್ನಡಕ ತರುತ್ತಾರೆ, ಮೊಣಕಾಲು ಹಿಡಿದರೆ ಎಣ್ಣೆ ಹಚ್ಚುತ್ತಾರೆ. ಕಿವಿ ಮಂದಾದರೆ ಮಾತ್ರ ನಗುತ್ತಾರೆ. ಕೇಳಿದ್ದೊಂದು, ಉತ್ತರ ಕೊಟ್ಟದ್ದೊಂದು ಎಂಬ ನಗೆ ಮಾತು ಪ್ರತಿ ಊರಿನ ಕಟ್ಟೆಯಲ್ಲೂ ಇದೆ. ನಕ್ಕವರು ಅಲ್ಲಿಗೇ ಮರೆಯುತ್ತಾರೆ. ನಗೆಗೆ ಈಡಾದವರು ಕಟ್ಟೆಗೆ ಬರುವುದನ್ನೇ ಬಿಡುತ್ತಾರೆ. ನಮ್ಮಪ್ಪ ಹಾಗೆ ಬಿಟ್ಟಿದ್ದರು.

ಅಪ್ಪನಿಗೆ ಈಗ 66 ವರ್ಷ. ಮಾನ್ವಿ ತಾಲ್ಲೂಕಿನ ಊರು ನಮ್ಮದು. ಕಾಲುವೆಯ ಕೊನೆ ಭಾಗದ ಹೊಲ. ನೀರು ಬಂದ ವರ್ಷ ಭತ್ತ, ಬಾರದ ವರ್ಷ ಜೋಳ ಇಲ್ಲವೇ ಹತ್ತಿ. ಹೊಲ ನಂಬಿ ಮನೆ ನಡೆಯದ ಕಾಲಕ್ಕೆ ಅಪ್ಪ ರಾಯಚೂರಿಗೆ ಹೋಗಿ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ 22 ವರ್ಷ ದುಡಿದರು. ಮಷಿನ್‌ಗಳ ನಡುವೆ ಪಕ್ಕದವನಿಗೆ ಏನಾದರೂ ಹೇಳಬೇಕೆಂದರೆ ಕಿವಿಗೆ ಬಾಯಿ ಹಚ್ಚಿ ಒದರಬೇಕಿತ್ತಂತೆ. ಕಿವಿಗೆ ಹಾಕಿಕೊಳ್ಳುವ ಪ್ಲಗ್ ಯಾರೂ ಕೊಡಲಿಲ್ಲ, ಯಾರೂ ಕೇಳಲಿಲ್ಲ. 85 ಡೆಸಿಬೆಲ್ ದಾಟಿದ ಸದ್ದಿನಲ್ಲಿ ದಿನಕ್ಕೆ 8 ತಾಸಿನಂತೆ ವರ್ಷಗಟ್ಟಲೆ ಕೆಲಸ ಮಾಡಿದರೆ ಒಳಕಿವಿಯ ಸೂಕ್ಷ್ಮ ಕೋಶಗಳು ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಗುಳಿಗೆ, ಎಣ್ಣೆ ಯಾವುದೂ ಅದನ್ನು ಸರಿ ಮಾಡುವುದಿಲ್ಲ.

ನಮ್ಮಕ್ಕನನ್ನು ದೇವದುರ್ಗಕ್ಕೆ ಕೊಟ್ಟಿದ್ದೇವೆ. ಅವಳ ಮಗಳ ಮದುವೆ ಮಾತುಕತೆಗೆ ಅಪ್ಪನೇ ಹಿರಿಯರಾಗಿ ಕೂತಿದ್ದರು. ಪಡಸಾಲೆಯಲ್ಲಿ ಇಪ್ಪತ್ತು ಮಂದಿ, ಮೇಲೆ ಫ್ಯಾನು, ಒಳಗೆ ಮಿಕ್ಸಿ, ಹೊರಗೆ ಟ್ರ್ಯಾಕ್ಟರಿನ ಹಾಡು. ಗಂಡಿನ ಕಡೆಯ ಹಿರಿಯರು ಏನೋ ಕೇಳಿದರು. ಅಪ್ಪ ‘ಹ್ಞೂಂ, ಆಗ್ಲಿ’ ಎಂದರು. ಊಟಕ್ಕೆ ಏಳೋಣವೇ ಎಂದು ಕೇಳಿದ್ದಾರೆ ಅಂದುಕೊಂಡಿದ್ದರು. ಆದರೆ ಅವರು ಒಪ್ಪಿದ್ದು, ಮದುವೆ ಪೂರ್ತಿ ಹೆಣ್ಣಿನ ಕಡೆಯ ಖರ್ಚಿನಲ್ಲಿ, ರಾಯಚೂರಿನ ಕಲ್ಯಾಣ ಮಂಟಪದಲ್ಲಿ ಆಗಬೇಕು ಎಂಬ ಮಾತಿಗೆ. ಹಿರಿಯರ ಬಾಯಿಂದ ಬಂದ ಮಾತನ್ನು ಮಾವ ಹಿಂದೆ ತೆಗೆದುಕೊಳ್ಳಲಿಲ್ಲ. ಸಾಲ ತಂದರು.

ಅವತ್ತಿನಿಂದ ಅಪ್ಪ ಯಾವ ಮಾತುಕತೆಗೂ ಕೂಡಲಿಲ್ಲ. ‘ನನ್ನ ಬಾಯಿಂದ ಮತ್ತೊಬ್ಬರ ಮನಿ ಸಾಲ ಆಗೂದು ಬ್ಯಾಡ’ ಎಂದರು. ಊರಲ್ಲಿ ಹೊಲದ ಬದುವಿನ ಜಗಳ ಬಂದರೆ ಮೊದಲು ಅವರನ್ನೇ ಕರೆಯುತ್ತಿದ್ದರು. ಬರಬರುತ್ತ ಕರೆಯುವವರೂ ಕಡಿಮೆಯಾದರು.

ಮನೆಯಲ್ಲಿ ಎದುರು ಕೂತು ಮಾತಾಡಿದರೆ ಅಪ್ಪನಿಗೆ ಬಹಳ ಮಟ್ಟಿಗೆ ತಿಳಿಯುತ್ತಿತ್ತು. ತೊಂದರೆ ಇದ್ದದ್ದು ಗದ್ದಲದಲ್ಲಿ. ‘ಕೇಳಿಸ್ತದ, ತಿಳಿಯವಲ್ದು’ ಎಂಬುದು ಅವರ ಮಾತು. ಎಷ್ಟೋ ಮನೆಗಳಲ್ಲಿ ಹಿರಿಯರು ಇದೇ ಮಾತು ಹೇಳುತ್ತಾರೆ. ಮನೆಮಂದಿ ಅದನ್ನು ನಂಬುವುದಿಲ್ಲ, ‘ತಮಗೆ ಬೇಕಾದ್ದು ಕೇಳ್ತದ, ಬ್ಯಾಡಾದ್ದು ಕೇಳಂಗಿಲ್ಲ’ ಎನ್ನುತ್ತಾರೆ.

ಅಪ್ಪ ಹೇಳಿದ್ದು ನಿಜವೇ. ವಯಸ್ಸಿನಿಂದಲೋ ಸದ್ದಿನಿಂದಲೋ ಕಿವಿ ಮಂದಾದಾಗ ಮೊದಲು ಹೋಗುವುದು ಸಣ್ಣ, ತೀಕ್ಷ್ಣ ಸದ್ದುಗಳು. ಆ, ಓ, ಊ ಎಂಬ ಸ್ವರಗಳು ದಪ್ಪ ಸದ್ದು, ಅವು ಕೇಳುತ್ತವೆ. ಸ, ಶ, ತ, ಕ ಇವು ತೆಳುವಾದ ಸದ್ದು, ಅವು ತಪ್ಪಿಹೋಗುತ್ತವೆ. ಸಾಲ, ಕಾಲ, ತಾಳ ಮೂರೂ ಒಂದೇ ಥರ ಕೇಳುತ್ತವೆ. ಸುಮ್ಮನಿರುವ ಕೋಣೆಯಲ್ಲಿ ಮುಂದಿನ ಹಿಂದಿನ ಮಾತು ನೋಡಿ ಊಹಿಸಬಹುದು. ಗದ್ದಲದಲ್ಲಿ ಆ ಊಹೆಗೂ ದಾರಿ ಇರುವುದಿಲ್ಲ.

ಮೊದಲು ತಂದ ಮಷಿನ್ ಒಂದು ಅಂಗಡಿಯದು. ಎಸಿ ಹಾಕಿದ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಪ್ಪನ ಕಿವಿಗೆ ಹಾಕಿದರು. ‘ಕೇಳ್ತದೇನ್ರಿ ಯಜಮಾನ್ರ?’ ಎಂದರು. ‘ಏ, ಛಲೋ ಕೇಳ್ತದ’ ಎಂದರು ಅಪ್ಪ. ದುಡ್ಡು ಕೊಟ್ಟು ಹೊರಬಂದೆವು. ಬಸ್ ಸ್ಟ್ಯಾಂಡ್ ಮುಟ್ಟುವ ಹೊತ್ತಿಗೆ ಅಪ್ಪ ಅದನ್ನು ತೆಗೆದು ಅಂಗಿಯ ಕಿಸೆಗೆ ಹಾಕಿದ್ದರು. ಆಟೋ ಹಾರ್ನು, ಕಂಡಕ್ಟರ್ ಕೂಗು, ಬಸ್ಸಿನ ಇಂಜಿನ್ನು ಎಲ್ಲವೂ ಒಂದೇ ಸಮ ಕಿವಿಗೆ ಬಡಿದಿದ್ದವು. ‘ಮತ್ತ ಜಿನ್ನಿಂಗ್ ಮಿಲ್ಲಿಗೆ ಹೋದಂಗಾತು’ ಎಂದರು. ಮಷಿನ್ ಮನೆಯ ಗೋಡೆಯ ಗೂಡಿನಲ್ಲಿ ಎರಡು ವರ್ಷ ಕೂತಿತು.

ಅದು ಯಾಕೆ ಹಾಗಾಯಿತೆಂದು ತಿಳಿಯಲು ನಮ್ಮ ಕಸುಬು ನೆರವಿಗೆ ಬಂತು. ತಹಶೀಲ್ದಾರ್ ಕಚೇರಿ ಮುಂದೆ ರೈತರ ಧರಣಿ ನಡೆಯುವಾಗ ಮೊಬೈಲನ್ನು ಹತ್ತು ಅಡಿ ದೂರ ಹಿಡಿದು ರೆಕಾರ್ಡ್ ಮಾಡಿದರೆ ಆಮೇಲೆ ಬರೀ ಗದ್ದಲ ಕೇಳುತ್ತದೆ. ವಾಲ್ಯೂಮ್ ಏರಿಸಿದರೆ ಗದ್ದಲವೂ ಏರುತ್ತದೆ. ಭಾಷಣ ಮಾಡುವವರ ಬಾಯಿ ಹತ್ತಿರ ಮೈಕ್ ಹಿಡಿದರೆ ಅದೇ ಗದ್ದಲದಲ್ಲಿ ಮಾತು ಸ್ಪಷ್ಟ ಸಿಗುತ್ತದೆ. ಕಿವಿ ಮಷಿನ್ ಕೂಡ ಒಂದು ಮೈಕು, ಒಂದು ಸ್ಪೀಕರು. ಅದಕ್ಕೂ ಇದೇ ನಿಯಮ. ಬರೀ ಸದ್ದು ದೊಡ್ಡದು ಮಾಡುವ ಮಷಿನ್ ಸಂತೆಯಲ್ಲಿ ಸಂತೆಯನ್ನೇ ದೊಡ್ಡದು ಮಾಡುತ್ತದೆ. ಬೇಕಾದದ್ದು ಗದ್ದಲಕ್ಕಿಂತ ಮಾತು ಮೇಲಾಗುವುದು.

ಎರಡನೇ ಸಲ ಮೊದಲು ಕಿವಿ ಮೂಗು ಗಂಟಲು ಡಾಕ್ಟರ ಬಳಿ ಹೋದೆವು. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿದ್ದರೂ ಕೇಳುವುದು ಕಡಿಮೆಯಾಗುತ್ತದೆ, ಅದನ್ನು ತೆಗೆದ ಮೇಲೆಯೇ ಪರೀಕ್ಷೆ. ಆಮೇಲೆ ಆಡಿಯಾಲಜಿಸ್ಟ್ ಸದ್ದಿಲ್ಲದ ಕೋಣೆಯಲ್ಲಿ ಕೂಡಿಸಿ ಎರಡೂ ಕಿವಿಯ ಆಡಿಯೋಗ್ರಾಮ್ ತೆಗೆದರು. ಯಾವ ಸದ್ದು ಎಷ್ಟು ಕೇಳುತ್ತದೆ ಎಂಬುದರ ನಕ್ಷೆ ಅದು. ಆಮೇಲೆ ಅವರು ಅಪ್ಪನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ನಿಮಗ ಎಲ್ಲೆಲ್ಲಿ ಕೇಳಬೇಕ್ರಿ?’ ಅಪ್ಪ ಬೆರಳು ಮಡಚಿ ಮೂರು ಹೇಳಿದರು. ಮಾನ್ವಿಯ ಚಹಾ ಹೋಟೆಲು, ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ದರ ಕೂಗುವಾಗ, ದೇವದುರ್ಗದ ಮಗಳ ಮನೆಯ ಪಡಸಾಲೆ. ಮಷಿನ್ ಆರಿಸಿದ್ದು ಈ ಮೂರು ಜಾಗ ನೋಡಿ. ಆರಿಸುವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದು ಮೈಕು. ಗದ್ದಲಕ್ಕೆ ಬೇಕಾದದ್ದು ದಿಕ್ಕು ಹಿಡಿಯುವ ಮೈಕು. ಕಿವಿ ಹಿಂದೆ ಕೂಡುವ ಮಷಿನ್‌ನಲ್ಲಿ ಎರಡು ಮೈಕು ಹಿಂದೆ ಮುಂದೆ ಇದ್ದರೆ, ಎದುರಿನವರ ಮಾತನ್ನು ಹೆಚ್ಚು ಹಿಡಿದು ಬೆನ್ನ ಹಿಂದಿನ ಸದ್ದನ್ನು ತಗ್ಗಿಸಬಲ್ಲದು. ಕಿವಿಯೊಳಗೆ ಪೂರ್ತಿ ಅಡಗಿ ಕೂಡುವ ಪುಟ್ಟ ಮಷಿನ್ ನೋಡಲು ಚೆಂದ, ಆದರೆ ಸಾಮಾನ್ಯವಾಗಿ ಅದರಲ್ಲಿ ಎರಡು ಮೈಕಿಗೆ ಜಾಗ ಇರುವುದಿಲ್ಲ. ‘ಮಂದಿಗೆ ಕಾಣಬಾರದು’ ಎಂದು ಆರಿಸಿದರೆ ಮಂದಿ ನಡುವೆಯೇ ಅದು ಕೈಕೊಡಬಹುದು.

ಎರಡನೆಯದು ‘ಗದ್ದಲ ಕಡಿಮೆ ಮಾಡುತ್ತದೆ’ ಎಂಬ ಮಾತು. ಈ ಸೌಲಭ್ಯದಿಂದ ಕಿವಿಗೆ ಕಿರಿಕಿರಿ ತಗ್ಗುತ್ತದೆ, ದಣಿವು ಕಡಿಮೆಯಾಗುತ್ತದೆ. ಆದರೆ ಅದೊಂದರಿಂದಲೇ ಮಾತು ಹೆಚ್ಚು ತಿಳಿಯುತ್ತದೆ ಎಂದುಕೊಳ್ಳಬಾರದು. ಚಾನೆಲ್ ಎಷ್ಟಿವೆ ಎಂಬ ಸಂಖ್ಯೆಗೂ ಇದೇ ಮಾತು. ಸಂಖ್ಯೆಗಿಂತ ಮುಖ್ಯ, ನಮ್ಮ ಆಡಿಯೋಗ್ರಾಮ್‌ಗೆ ತಕ್ಕಂತೆ ಮಷಿನ್ ಕೂಡಿಸಿದ್ದಾರೆಯೇ ಎಂಬುದು. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುವ ಎಷ್ಟೋ ಸಾಮಾನುಗಳು ಬರೀ ಸದ್ದು ಏರಿಸುವಂಥವು, ಅವನ್ನು ಯಾರ ಕಿವಿಗೂ ಅಳತೆ ಮಾಡಿ ಕೂಡಿಸಿರುವುದಿಲ್ಲ.

ಮೂರನೆಯದು ಎರಡು ಕಿವಿ. ಯಾವ ಸದ್ದು ಎತ್ತ ಕಡೆಯಿಂದ ಬಂತು ಎಂದು ಮಿದುಳು ಬೇರ್ಪಡಿಸುವುದು ಎರಡೂ ಕಿವಿಯ ಲೆಕ್ಕ ಹಾಕಿ. ಎರಡೂ ಕಿವಿ ಮಂದಾಗಿದ್ದರೆ ಗದ್ದಲದಲ್ಲಿ ಎರಡು ಮಷಿನ್ ಇದ್ದವರಿಗೆ ಹೆಚ್ಚು ಅನುಕೂಲ. ಖರ್ಚೂ ಎರಡರಷ್ಟು. ನಮಗೆ ಎರಡಕ್ಕೂ ಸೇರಿ ಒಂದು ಒಳ್ಳೆಯ ಎಮ್ಮೆಯ ಬೆಲೆ ಆಯಿತು. ಫೋನಿಗೆ ಜೋಡಿಸುವ ಬ್ಲೂಟೂತ್ ಇದ್ದದ್ದು ಇನ್ನೂ ದುಬಾರಿ. ಅಪ್ಪನದು ಬಟನ್ ಫೋನು, ಅದನ್ನು ಬಿಟ್ಟೆವು.

ನಾಲ್ಕನೆಯದು ಕಿವಿಯೊಳಗೆ ಕೂಡುವ ತುದಿ. ತೂತಿರುವ ರಬ್ಬರ್ ಟೋಪಿ ಹಗುರ, ಆದರೆ ಹೊರಗಿನ ಗದ್ದಲ ನೇರ ಒಳಗೆ ನುಗ್ಗುತ್ತದೆ. ಅಪ್ಪನಿಗೆ ಕಿವಿಯ ಅಚ್ಚು ತೆಗೆದು ಮೋಲ್ಡ್ ಮಾಡಿಸಿದರು. ಯಾರಿಗೆ ಯಾವುದು ಎಂಬುದು ಕಿವಿ ಎಷ್ಟು ಮಂದಾಗಿದೆ ಎಂಬುದರ ಮೇಲೆ ಹೋಗುತ್ತದೆ, ಕೇಳಿ ತಿಳಿಯಬೇಕು.

ಐದನೆಯದು ಬ್ಯಾಟರಿ. ಹಳದಿ ಸ್ಟಿಕ್ಕರಿನ 10ನೇ ನಂಬರ್ ಬ್ಯಾಟರಿ ಜೋಳದ ಕಾಳಿನಷ್ಟು ಸಣ್ಣದು, ಹೊಲದ ಕೆಲಸ ಮಾಡಿ ಒರಟಾದ ಬೆರಳಿಗೆ ಸಿಗುವುದಿಲ್ಲ. ಕಿತ್ತಳೆ ಸ್ಟಿಕ್ಕರಿನ 13ನೇ ನಂಬರ್ ದೊಡ್ಡದು, ಹೆಚ್ಚು ದಿನ ಬರುತ್ತದೆ. ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಬೆವರು ಮಷಿನ್‌ಗೆ ಶತ್ರು. ರಾತ್ರಿ ಬ್ಯಾಟರಿ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಇಡುವುದು ಅಪ್ಪನ ರೂಢಿಯಾಗಿದೆ.

ಎಲ್ಲಕ್ಕಿಂತ ಮುಖ್ಯ, ಹೊರಗೆ ಹಾಕಿ ನೋಡುವುದು. ‘ನಾಲ್ಕು ದಿನ ಹಾಕಿ ನೋಡ್ತೀವಿ, ಸರಿ ಬರದಿದ್ದರ ವಾಪಸ್ ತಗೋತೀರೇನು?’ ಎಂದು ಮೊದಲೇ ಕೇಳಿ ಬರೆಸಿಕೊಂಡೆವು. ಅದೇ ದಿನ ಅಪ್ಪನನ್ನು ಎದುರಿನ ಹೋಟೆಲಿಗೆ ಕರೆದೊಯ್ದು ಚಹಾ ಕುಡಿಸುತ್ತ ಮಾತಾಡಿದೆವು. ಗೋಡೆಗೆ ಬೆನ್ನು ಕೊಟ್ಟು ಕೂತಾಗ ಹಿಂದಿನ ಗದ್ದಲ ಇಲ್ಲವಾಗಿ ಹೆಚ್ಚು ತಿಳಿಯಿತು. ಅಡುಗೆ ಒಲೆಗೆ ಬೆನ್ನು ಮಾಡಿದಾಗಲೂ ಪರವಾಗಿಲ್ಲ. ಒಲೆಗೆ ಮುಖ ಮಾಡಿ ಕೂತಾಗ ಕೆಟ್ಟಿತು. ಮೂರು ವಾರ ಬಿಟ್ಟು ಮತ್ತೆ ಹೋಗಿ ಇದನ್ನೆಲ್ಲ ಹೇಳಿದಾಗ ಅವರು ಕಂಪ್ಯೂಟರಿಗೆ ಜೋಡಿಸಿ ಸದ್ದು ತಿದ್ದಿದರು. ವರ್ಷಗಟ್ಟಲೆ ಕೇಳದ ಸದ್ದಿಗೆ ಮಿದುಳು ಹೊಂದಿಕೊಳ್ಳಲು ವಾರಗಳೇ ಬೇಕು. ಮೊದಲ ವಾರ ಅಪ್ಪನಿಗೆ ತಮ್ಮ ಚಪ್ಪಲಿಯ ಸದ್ದೇ ಬೇಸರ ತಂದಿತ್ತು.

ಈಗಲೂ ಎಲ್ಲ ಸರಿಹೋಗಿಲ್ಲ. ಮಾರುಕಟ್ಟೆಯಲ್ಲಿ ನಾಲ್ಕೂ ಕಡೆಯಿಂದ ಮಂದಿ ಕೂಗುವಾಗ ದಿಕ್ಕಿನ ಮೈಕಿಗೂ ದಿಕ್ಕು ತಪ್ಪುತ್ತದೆ. ಅಲ್ಲಿ ಅಪ್ಪ ದರವನ್ನು ಚೀಟಿಯ ಮೇಲೆ ಬರೆಸಿಕೊಳ್ಳುತ್ತಾರೆ. ಮನೆಯಲ್ಲಿ ನಾವೂ ಕೆಲವು ರೂಢಿ ಮಾಡಿಕೊಂಡೆವು. ಒಳಮನೆಯಿಂದ ಕೂಗುವುದಿಲ್ಲ, ಎದುರು ಬಂದು ಮುಖ ಕಾಣುವಂತೆ ಮಾತಾಡುತ್ತೇವೆ. ಬಯಲಿನಲ್ಲಿ ನಾಲ್ಕು ಅಡಿ ದೂರದಿಂದ ಎರಡು ಅಡಿಗೆ ಬಂದರೆ ಮಾತು ಸುಮಾರು 6 ಡೆಸಿಬೆಲ್ ಏರುತ್ತದೆ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಮಾತುಕತೆ ಶುರುವಾಗುವ ಮೊದಲು ಟಿವಿ, ಮಿಕ್ಸಿ ಬಂದ್.

ದುಡ್ಡಿಲ್ಲದವರಿಗೂ ದಾರಿಗಳಿವೆ. ಕೇಂದ್ರ ಸರ್ಕಾರದ ಅಡಿಪ್ ಯೋಜನೆ 1981ರಿಂದ ಇದೆ. 40 ಪ್ರತಿಶತ ಅಥವಾ ಹೆಚ್ಚು ಅಂಗವೈಕಲ್ಯದ ಪ್ರಮಾಣಪತ್ರ ಇದ್ದು, ಆದಾಯ ಮಿತಿಯೊಳಗಿದ್ದರೆ ಶ್ರವಣ ಸಾಧನ ಸಿಗುತ್ತದೆ. 60 ವರ್ಷ ದಾಟಿದ ಬಿಪಿಎಲ್ ಕುಟುಂಬದವರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯೂ ಇದೆ. ಶಿಬಿರ ಯಾವಾಗ ಎಂದು ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ವಿಆರ್‌ಡಬ್ಲ್ಯು ಅವರನ್ನು, ಇಲ್ಲವೇ ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯು ಅವರನ್ನು ಕೇಳಿ. ಪರೀಕ್ಷೆಗೆ ರಾಯಚೂರಿನ ರಿಮ್ಸ್ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗವಿದೆ. ದೂರ ಹೋಗಬಲ್ಲವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಶಿಬಿರದಲ್ಲಿ ಕೊಟ್ಟ ಮಷಿನ್ ಆದರೂ ನಿಮ್ಮ ಕಿವಿಗೆ ತಕ್ಕಂತೆ ಕೂಡಿಸಿಕೊಡಿ ಎಂದು ಕೇಳಿ. ಒಂದೆರಡು ದಿನದೊಳಗೆ ಒಮ್ಮೆಲೇ ಕಿವಿ ಕೇಳದಂತಾದರೆ ಮಷಿನ್ ಮಾತು ಆಮೇಲೆ, ಅದೇ ದಿನ ಡಾಕ್ಟರ ಬಳಿ ಓಡಬೇಕು.

ಕಳೆದ ತಿಂಗಳು ಊರಿನ ಒಂದು ಬದುವಿನ ಜಗಳಕ್ಕೆ ಅಪ್ಪನನ್ನು ಕರೆದರು. ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತರಂತೆ. ಇಬ್ಬರೂ ಒಟ್ಟಿಗೆ ಒದರತೊಡಗಿದಾಗ ಕೈ ಎತ್ತಿ, ‘ಒಬ್ಬೊಬ್ಬರ ಮಾತಾಡ್ರಿ, ನನ್ನ ಮಷಿನ್‌ಗೆ ಇಬ್ಬರದೂ ಒಮ್ಮೆಲೇ ತಿಳಿಯಂಗಿಲ್ಲ’ ಎಂದರಂತೆ. ಒಬ್ಬೊಬ್ಬರಾಗಿ ಮಾತಾಡಿದ ಮೇಲೆ ಜಗಳ ಅರ್ಧ ಅಲ್ಲೇ ಇಳಿಯಿತು ಎಂದು ಅಲ್ಲಿ ಕೂತವರೇ ನಮಗೆ ಹೇಳಿದರು.