ಲಕ್ಷಾಂತರವೋ, ಕೋಟ್ಯಂತರವೋ

ಇಂಗ್ಲಿಷಿನ ‘ಮಿಲಿಯನ್’ ಅನ್ನು ಕನ್ನಡಕ್ಕೆ ತರುವುದು ಕಷ್ಟವೇನಲ್ಲ. ಹತ್ತು ಲಕ್ಷ ಎಂದು ಬರೆದರೆ ಮುಗಿಯಿತು. ಕಷ್ಟ ಶುರುವಾಗುವುದು ಅದು ಬಹುವಚನವಾಗಿ ‘ಮಿಲಿಯನ್ಸ್’ ಆದಾಗ. ಲಕ್ಷಾಂತರ ಎಂದರೆ ಎರಡು ಮೂರು ಲಕ್ಷವೂ ಆಗಬಹುದು, ಅದು ಒಂದು ಮಿಲಿಯನ್ನಿನ ಹತ್ತಿರಕ್ಕೂ ಬರುವುದಿಲ್ಲ. ಕೋಟ್ಯಂತರ ಎಂದರೆ ಕಡಿಮೆಯೆಂದರೂ ಎರಡು ಕೋಟಿ, ಅಂದರೆ ಇಪ್ಪತ್ತು ಮಿಲಿಯನ್. ಆ ಇಂಗ್ಲಿಷ್ ಪದ ಕೂರುವ ಜಾಗ ಇವೆರಡರ ನಡುವೆ ಎಲ್ಲೋ ಇದೆ. ಅಲ್ಲಿ ಕನ್ನಡ ಒಂದು ಮಣೆಯನ್ನೂ ಹಾಕಿಟ್ಟಿಲ್ಲ.

ವಿಷಯ ಹಣದ್ದೋ, ಯೂಟ್ಯೂಬ್ ವ್ಯೂಸ್‌ನದೋ ಆಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನನ್ನ ಮೇಜಿನ ಮೇಲಿರುವುದು ಸತ್ತವರ ಲೆಕ್ಕ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಹಿಂಡಿದ ಕ್ಷಾಮದ ಬಗ್ಗೆ ಇಂಗ್ಲಿಷರು ಬರೆದ ಗದ್ಯ ನನ್ನ ಪಿಎಚ್.ಡಿ. ವಿಷಯ. ನಮ್ಮ ಕಡೆ ಅದನ್ನು ಧಾತು ಈಶ್ವರ ಸಂವತ್ಸರಗಳ ಬರ ಎನ್ನುತ್ತಾರೆ, ಇಲ್ಲವೇ ಬರೀ ದೊಡ್ಡ ಬರ. ಆ ಕಾಲದ ವರದಿ, ಪತ್ರ, ಪುಸ್ತಕಗಳಿಂದ ಆಯ್ದ ಭಾಗಗಳನ್ನು ಕನ್ನಡಕ್ಕೆ ಮಾಡಿ ಅನುಬಂಧವಾಗಿ ಕೊಡಬೇಕು ಎಂಬುದು ನಮ್ಮ ಗೈಡ್ ಮೇಡಂ ಹಾಕಿರುವ ಷರತ್ತು. ಇತಿಹಾಸ ವಿಭಾಗದ ಗೆಳತಿಗೆ ನನ್ನ ಸಂಕಟ ಹೇಳಿಕೊಂಡೆ. “ಲಕ್ಷಾಂತರ ಅಂತ ಬರೆದ್ಬಿಡೆ. ಯಾರು ಕೂತ್ಕೊಂಡು ಎಣಿಸ್ತಾರೆ?” ಅಂದಳು. ಹೇಳಿದ ಮೇಲೆ ಅವಳಿಗೇ ಏನೋ ಅನ್ನಿಸಿ ಸುಮ್ಮನಾದಳು.

‘ಮಿಲಿಯನ್’ ಮೂಲದಲ್ಲಿ ಲೆಕ್ಕದ ಪದದಷ್ಟೇ ಬೆರಗಿನ ಪದವೂ ಹೌದು. ‘ಮಿಲ್ಲೆ’ ಎಂದರೆ ಸಾವಿರ. ಇಟಾಲಿಯನ್ನರು ಅದಕ್ಕೆ ದೊಡ್ಡದು ಎಂಬ ಅರ್ಥದ ಬಾಲ ಸೇರಿಸಿ ‘ಮಿಲಿಯೋನೆ’ ಮಾಡಿದರು. ಅಂದರೆ ದೊಡ್ಡ ಸಾವಿರ, ಹೆಬ್ಸಾವಿರ ಅನ್ನಬಹುದೇನೋ. 14ನೇ ಶತಮಾನದ ಹೊತ್ತಿಗೆ ಅದು ಇಂಗ್ಲಿಷಿಗೂ ಬಂತು. ಮಾರ್ಕೋ ಪೋಲೋನ ಪ್ರವಾಸ ಕಥನಕ್ಕೆ ಇಟಲಿಯಲ್ಲಿ ‘ಇಲ್ ಮಿಲಿಯೋನೆ’ ಎಂಬ ಹೆಸರಿದೆ. ಅವನು ಪೂರ್ವದೇಶದ ಸಿರಿಯನ್ನು ಮಾತೆತ್ತಿದರೆ ಮಿಲಿಯನ್ನಿನಲ್ಲಿ ಹೇಳುತ್ತಿದ್ದನೆಂದು ಜನ ಲೇವಡಿ ಮಾಡಿ ಇಟ್ಟ ಹೆಸರು ಅದು ಎಂದು ಕೆಲವರು, ಮನೆತನದ ಹೆಸರಿನಿಂದ ಬಂದದ್ದು ಎಂದು ಇನ್ನು ಕೆಲವರು. ನನಗೆ ಮೊದಲನೆಯದೇ ಇಷ್ಟ. 1484ರಲ್ಲಿ ನಿಕೊಲಾ ಶುಕೆ ಎಂಬ ಫ್ರೆಂಚ್ ಗಣಿತಜ್ಞ ಹಸ್ತಪ್ರತಿಯೊಂದರಲ್ಲಿ ಈ ಬೆರಗನ್ನು ಶಿಸ್ತಿಗೆ ತಂದ. ಆರಾರು ಅಂಕಿಗೆ ಒಂದು ಗೆರೆ ಎಳೆದು ಮಿಲಿಯನ್, ಬಿಲಿಯನ್, ಟ್ರಿಲಿಯನ್ ಎಂದು ಏಣಿ ಕಟ್ಟಿದ. ಆ ಲೆಕ್ಕದಲ್ಲಿ ಬಿಲಿಯನ್ ಎಂದರೆ ಮಿಲಿಯನ್ನಿನಷ್ಟು ಮಿಲಿಯನ್, ನಮ್ಮ ಲಕ್ಷ ಕೋಟಿ.

ಮುಂದೆ ಈ ಏಣಿಯ ಮೆಟ್ಟಿಲುಗಳೇ ಜರುಗಿದವು. ಫ್ರಾನ್ಸಿನಲ್ಲಿ ಕೆಲವರು ಮೂರು ಮೂರು ಅಂಕಿಗೆ ಹೆಸರು ಬದಲಿಸತೊಡಗಿದರು. ಅಮೆರಿಕ ಅದನ್ನೇ ಹಿಡಿಯಿತು. ಹಾಗಾಗಿ ಅಮೆರಿಕದ ಬಿಲಿಯನ್ ನೂರು ಕೋಟಿ, ಬ್ರಿಟನ್ನಿನ ಬಿಲಿಯನ್ ಲಕ್ಷ ಕೋಟಿ. ಒಂದೇ ಭಾಷೆ, ಒಂದೇ ಕಾಗುಣಿತ, ಬೆಲೆಯಲ್ಲಿ ಸಾವಿರ ಪಟ್ಟು ವ್ಯತ್ಯಾಸ. 1974ರ ಡಿಸೆಂಬರಿನಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್, ತಮ್ಮ ಮಂತ್ರಿಗಳು ಇನ್ನು ಬಿಲಿಯನ್ ಅನ್ನು ಸಾವಿರ ಮಿಲಿಯನ್ ಎಂಬ ಅರ್ಥದಲ್ಲೇ ಬಳಸುತ್ತಾರೆ ಎಂದು ಸಂಸತ್ತಿಗೆ ಉತ್ತರ ಕೊಟ್ಟರು. ಪದದ ಅರ್ಥವೊಂದು ಸರ್ಕಾರಿ ಉತ್ತರದಲ್ಲಿ ಸಾವಿರ ಪಾಲು ಕುಗ್ಗಿದ ಉದಾಹರಣೆ ಬೇರೆ ಎಲ್ಲಾದರೂ ಇದ್ದೀತೇ?

ಫೆಲೋಶಿಪ್ ಬರದ ತಿಂಗಳುಗಳಲ್ಲಿ ನಾನೊಂದು ಸುದ್ದಿತಾಣಕ್ಕೆ ಅನುವಾದ ಮಾಡಿಕೊಡುತ್ತಿದ್ದೆ. ಅಲ್ಲಿ ಕಂಪ್ಯೂಟರ್ ಪರದೆಯ ಅಂಚಿಗೆ ಒಂದು ಹಳದಿ ಚೀಟಿ ಅಂಟಿಸಿದ್ದರು: ಮಿಲಿಯನ್ 10 ಲಕ್ಷ, ಬಿಲಿಯನ್ 100 ಕೋಟಿ, ಟ್ರಿಲಿಯನ್ ಲಕ್ಷ ಕೋಟಿ. ದಿನವೂ ಸೊನ್ನೆ ಎಣಿಸುವುದೇ ಕೆಲಸ. ಆ ಚೀಟಿಯಲ್ಲಿ ಬಹುವಚನಕ್ಕೆ ಜಾಗ ಇರಲಿಲ್ಲ. ‘ಮಿಲಿಯನ್ಸ್’ ಬಂದಾಗಲೆಲ್ಲ ಡೆಸ್ಕಿನವರು ಸುದ್ದಿಯ ಹದ ನೋಡಿ ಲಕ್ಷಾಂತರವನ್ನೋ ಕೋಟ್ಯಂತರವನ್ನೋ ಹಾಕುತ್ತಿದ್ದರು. ಅಭಿಮಾನಿಗಳಾದರೆ ಕೋಟ್ಯಂತರ, ನಿರಾಶ್ರಿತರಾದರೆ ಲಕ್ಷಾಂತರ.

ಎಣಿಸುವ ಗೋಜೇ ಬೇಡ ಎಂಬುವವರಿಗೂ ಇಂಗ್ಲಿಷಿನಲ್ಲಿ ಪದಗಳ ಕಣಜವೇ ಇದೆ. ‘ಅಂಪ್ಟೀನ್’ ಅಂಥದ್ದು. ಮೋರ್ಸ್ ಸಂಕೇತದಲ್ಲಿ ಚುಕ್ಕಿಗೆ ‘ಇಡ್ಡಿ’, ಗೆರೆಗೆ ‘ಅಂಪ್ಟಿ’ ಎಂದು ಕರೆಯುತ್ತಿದ್ದ ಬಳಕೆಯಿಂದ ಅದು ಹುಟ್ಟಿತು. ನೋಡಲು ಥರ್ಟೀನ್, ಫೋರ್ಟೀನ್‌ಗಳ ತಮ್ಮನಂತಿದೆ, ಬೆಲೆ ಮಾತ್ರ ಇಲ್ಲ. ‘ಜಿಲಿಯನ್’, ‘ಗಜಿಲಿಯನ್’ಗಳು 20ನೇ ಶತಮಾನದ ಅಮೆರಿಕದ ಕೂಸುಗಳು. ಇವೂ ಮಿಲಿಯನ್ನಿನ ಅಂಗಿ ತೊಟ್ಟುಕೊಂಡು ಸಂಖ್ಯೆಗಳ ಸಾಲಿನಲ್ಲಿ ನಿಲ್ಲುತ್ತವೆ. ಸ್ಟೀಫನ್ ಕ್ರಿಸೋಮ್ಯಾಲಿಸ್ ಎಂಬ ಮಾನವಶಾಸ್ತ್ರಜ್ಞ 2016ರಲ್ಲಿ ಇವುಗಳ ಮೇಲೆಯೇ ಒಂದು ಲೇಖನ ಬರೆದು, ‘ಇನ್‌ಡೆಫಿನಿಟ್ ಹೈಪರ್ಬಾಲಿಕ್ ನ್ಯೂಮರಲ್ಸ್’ ಎಂದು ಕರೆದಿದ್ದಾರೆ. ಅನಿಶ್ಚಿತ ಉತ್ಪ್ರೇಕ್ಷಾ ಸಂಖ್ಯಾಪದಗಳು ಎಂದು ಕನ್ನಡ ಮಾಡಿದೆ. ಮೇಡಂ ನೋಡಿ, “ಸುಮ್ನೆ ‘ನೂರೆಂಟು’ ಅಂತ ಬರಿ, ಎಲ್ಲರಿಗೂ ತಿಳಿಯುತ್ತೆ” ಎಂದರು. ಸರಿಯೇ. ನೂರೆಂಟು ಕೆಲಸ, ನೂರೆಂಟು ವಿಘ್ನ ಎಂದಾಗ ಯಾರೂ ನೂರಾಒಂಬತ್ತನೆಯದು ಎಲ್ಲಿ ಎಂದು ಕೇಳುವುದಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ನೂರೆಂಟು ನಿಜವಾದ ಸಂಖ್ಯೆ, ಜಪಮಾಲೆಯಲ್ಲಿ ಮಣಿ ಎಣಿಸಿದರೆ ಸಿಗುತ್ತದೆ. ಜಿಲಿಯನ್ ಎಲ್ಲೂ ಸಿಗುವುದಿಲ್ಲ.

ದಿನಬಳಕೆಯ ‘ಹೀಪ್ಸ್’, ‘ಲೋಡ್ಸ್’, ‘ಸ್ಟ್ಯಾಕ್ಸ್’ ಇವೆಲ್ಲ ಕಣ, ಗಾಡಿ, ಬಣವೆಗಳ ಕಡೆಯವು. ರಾಶಿ, ಹೊರೆ, ಮೆದೆ ಎಂದು ಒಂದಕ್ಕೊಂದು ಹೊಂದಿಸಿ ಇಡಬಹುದು. ಶಿರಸಿ ಕಡೆಯ ನನ್ನ ರೂಮ್‌ಮೇಟ್ ಚೆನ್ನಾಗಿದೆ ಎನ್ನಲೂ ‘ರಾಶಿ ಚಲೋ’ ಅನ್ನುತ್ತಾಳೆ. ನಮ್ಮ ಮಧುಗಿರಿ ಸೀಮೆಯಲ್ಲಿ ರಾಶಿ ಎಂದರೆ ಕಣದ ರಾಗಿಯೇ. ಅಪ್ಪ ಅದನ್ನು ಕೊಳಗದಿಂದ ಅಳೆಯುವಾಗ ಮೊದಲನೆಯದಕ್ಕೆ ‘ಒಂದು’ ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದ. ಎರಡನೆಯದರಿಂದ ಲೆಕ್ಕ. ಎಷ್ಟೇ ದೊಡ್ಡ ರಾಶಿಯಾಗಲಿ, ಕತ್ತಲಾಗಲಿ, ಅಳೆಯದೆ ಮನೆಗೆ ತಂದದ್ದನ್ನು ನಾನು ನೋಡಿಲ್ಲ. ಇಂಗ್ಲಿಷಿನ ‘ಸ್ಕೋರ್’ ಕೂಡ ಇಂಥದ್ದೇ ಕೆಲಸದಿಂದ ಬಂದ ಪದ. ಎಣಿಕೆಯ ಕೋಲಿನ ಮೇಲೆ ಇಪ್ಪತ್ತಕ್ಕೊಂದು ಕಚ್ಚು ಹಾಕುತ್ತಿದ್ದರು. ಆ ಕಚ್ಚೇ ಸ್ಕೋರ್. ಈಗ ‘ಸ್ಕೋರ್ಸ್ ಆಫ್ ಪೀಪಲ್’ ಎಂದರೆ ಬಹಳ ಜನ ಎಂದಷ್ಟೇ.

ನನ್ನನ್ನು ತುಂಬ ದಿನ ಕಾಡಿದ್ದು ‘ಗಲೋರ್’. ಅದು ಐರಿಷ್ ಭಾಷೆಯ ‘ಗೊ ಲೋರ್’, ಅಂದರೆ ಸಾಕಷ್ಟು, ಬೇಕಾದಷ್ಟು. ಇಂಗ್ಲಿಷಿಗೆ ಬಂದು ಸಮೃದ್ಧಿ ಎಂಬ ಅರ್ಥ ಪಡೆಯಿತು, ಹಬ್ಬದ ಸೇಲಿನ ಬ್ಯಾನರಿಗೂ ಏರಿತು. ಕನ್ನಡದಲ್ಲೂ ಹೀಗೇ ಆಗಿದೆ. ‘ಬೇಕಾದಷ್ಟು ಇದೆ’ ಎಂದರೆ ಅವಶ್ಯಕತೆ ತೀರುವಷ್ಟು ಎಂದಲ್ಲ, ಧಾರಾಳವಾಗಿ ಎಂದು. ಬೇಕಾದಷ್ಟು ಸಿಕ್ಕುವುದನ್ನೇ ಹೇರಳ ಎಂದುಕೊಂಡ ಎರಡು ನಾಡುಗಳು. ಆ ಪದ ಕೊಟ್ಟ ಐರ್ಲೆಂಡಿನಲ್ಲೇ 1845ರ ನಂತರ ಆಲೂಗಡ್ಡೆ ಬೆಳೆ ಕೊಳೆತು ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು. ಇಂಗ್ಲಿಷ್ ಪುಸ್ತಕಗಳಲ್ಲಿ ಅದೂ ‘ಎ ಮಿಲಿಯನ್’.

‘ಮಿರಿಯಡ್’ ಎಂಬುದು ಇನ್ನೊಂದು. ಕಾವ್ಯದಲ್ಲಿ ನಕ್ಷತ್ರಗಳ ಪಕ್ಕ ಇಡಲು ಚೆಂದ. ಅದರ ಗ್ರೀಕ್ ಮೂಲಕ್ಕೆ ಎರಡು ಅರ್ಥ: ಎಣಿಸಲಾಗದ್ದು, ಮತ್ತು ಸರಿಯಾಗಿ ಹತ್ತು ಸಾವಿರ. ಸ್ವರದ ಒತ್ತು ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ಯಾವ ಅರ್ಥ ಎಂದು ತಿಳಿಯುತ್ತಿತ್ತಂತೆ. ಆರ್ಕಿಮಿಡೀಸ್ ಈ ಹತ್ತು ಸಾವಿರವನ್ನೇ ಇಟ್ಟುಕೊಂಡು ಒಂದು ಹಟದ ಕೆಲಸ ಮಾಡಿದ. ಮರಳಿನ ಕಣಗಳಿಗೆ ಲೆಕ್ಕವೇ ಇಲ್ಲ ಎನ್ನುವವರಿಗೆ ಉತ್ತರವಾಗಿ ದೊರೆ ಗೆಲೋನನನ್ನು ಉದ್ದೇಶಿಸಿ ಒಂದು ಗ್ರಂಥ ಬರೆದ. ಸಮುದ್ರತೀರವಷ್ಟೇ ಅಲ್ಲ, ಇಡೀ ವಿಶ್ವಕ್ಕೆ ಮರಳು ತುಂಬಿದರೂ ಕಣಗಳ ಸಂಖ್ಯೆ 1ರ ಮುಂದೆ 63 ಸೊನ್ನೆಗಳನ್ನು ಮೀರುವುದಿಲ್ಲ ಎಂದು ತೋರಿಸಿದ.

ಇದನ್ನು ಓದುವಾಗ ನೆನಪಾಗುವುದು ಜೈನರ ಗಣಿತ. ಅವರು ಸಂಖ್ಯೆಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಮೂರು ಪಾಲು ಮಾಡಿದರು. ಅಸಂಖ್ಯಾತಕ್ಕೂ ಅನಂತಕ್ಕೂ ನಡುವೆ ಗೆರೆ ಎಳೆದ ಆ ಸೂಕ್ಷ್ಮ ನನಗೆ ದೊಡ್ಡದೆನಿಸುತ್ತದೆ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಏಕ, ದಶ, ಶತದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟ. ಪ್ರತಿ ಸ್ಥಾನಕ್ಕೂ ಒಂದೊಂದು ಹೆಸರು. ಇಂಗ್ಲಿಷಿನಲ್ಲಾದರೆ ಸಾವಿರ ದಾಟಿದ ಮೇಲೆ ಮಿಲಿಯನ್‌ವರೆಗೆ ಸ್ವಂತ ಹೆಸರಿನ ಮೆಟ್ಟಿಲೇ ಇಲ್ಲ. ನಡುವಿನದ್ದನ್ನೆಲ್ಲ ಸಾವಿರದ ಹೆಗಲ ಮೇಲೆಯೇ ಹೊರಿಸಬೇಕು.

ಇದು ಬರೀ ಭಾಷಾ ಚಮತ್ಕಾರದ ವಿಷಯವಲ್ಲ, ಇದರಿಂದ ಲೆಕ್ಕವೇ ಬದಲಾಗುತ್ತದೆ. ಮೈಸೂರು ಸಂಸ್ಥಾನದ ಜನಗಣತಿಯನ್ನೇ ನೋಡಿ. 1871ರಲ್ಲಿ 50,55,412 ಜನ. 1881ರಲ್ಲಿ 41,86,188. ಕಳೆದರೆ 8,69,224. ಇಂಗ್ಲಿಷಿನಲ್ಲಿ ಬರೆಯುವವನಿಗೆ ಕೈಗೆಟುಕುವ ದುಂಡು ಪದ ‘ನಿಯರ್ಲಿ ಎ ಮಿಲಿಯನ್’. ಕನ್ನಡದಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಎನ್ನುತ್ತೇವೆ. ಇವೆರಡರ ನಡುವೆ ಒಂದು ಲಕ್ಷಕ್ಕೂ ಮಿಕ್ಕಿದ ಜನ ಇದ್ದಾರೆ. ಹಾಗೆಂದು ಈ ವ್ಯತ್ಯಾಸವೇ ಸತ್ತವರ ಸಂಖ್ಯೆಯಲ್ಲ. ಹತ್ತು ವರ್ಷದಲ್ಲಿ ಹುಟ್ಟಿದವರು, ಹುಟ್ಟಬೇಕಾಗಿದ್ದು ಹುಟ್ಟದವರು, ಊರು ಬಿಟ್ಟವರು ಎಲ್ಲರೂ ಇದರಲ್ಲಿ ಕಲೆತಿದ್ದಾರೆ. ಆ ಕ್ಷಾಮದಲ್ಲಿ ಇಡೀ ದೇಶದಲ್ಲಿ ಸತ್ತವರ ಬಗೆಗಿನ ಅಂದಾಜುಗಳಂತೂ ಸುಮಾರು ಐವತ್ತೈದು ಲಕ್ಷದಿಂದ ಒಂದು ಕೋಟಿಯವರೆಗೆ ಹರಡಿಕೊಂಡಿವೆ.

ಹಾಗಾದರೆ ಆ ಆಡಳಿತಕ್ಕೆ ಎಣಿಸಲು ಬರುತ್ತಿರಲಿಲ್ಲವೇ? ಬರುತ್ತಿತ್ತು. 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಒಂದಾಣೆ ಎಂದು ಗೊತ್ತುಮಾಡಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗಿಂತ ಕಡಿಮೆ. ಅಗೆಯುವ, ಕಲ್ಲು ಹೊರುವ ಮೈಗೆ ಇದು ಸಾಲದೆಂದು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಕಾರ್ನಿಷ್ ಪ್ರತಿಭಟಿಸಿದ. ಔನ್ಸುಗಳಲ್ಲಿ ವಾದ ನಡೆಯಿತು. ಕೊಡುವ ಕಾಳನ್ನು ತಕ್ಕಡಿಯಲ್ಲಿ ಹಾಕಿ ತೂಗಿದ ಆ ಭಾಷೆ, ಸತ್ತವರ ಕಡೆ ತಿರುಗಿದಾಗ ‘ಮಿಲಿಯನ್ಸ್’ ಎಂದು ಕೈಬೀಸಿ ಬಿಡುತ್ತದೆ. ನನ್ನ ಥೀಸಿಸ್ಸಿನ ಮೂರನೇ ಅಧ್ಯಾಯ ಇಷ್ಟೇ. ಇದನ್ನೇ ತೊಂಬತ್ತು ಪುಟ ಮಾಡಿದ್ದೇನೆ ಎಂದು ಗೆಳತಿ ಕಿಚಾಯಿಸುತ್ತಾಳೆ.

ನ್ಯಾಯವಾಗಿ ಹೇಳಬೇಕೆಂದರೆ ಅದೇ ಇಂಗ್ಲಿಷಿನಲ್ಲಿ ವಿಲಿಯಂ ಡಿಗ್ಬಿಯಂಥ ಪತ್ರಕರ್ತನೂ ಇದ್ದ. ಮದ್ರಾಸಿನ ಪತ್ರಿಕೆಯೊಂದರ ಸಂಪಾದಕನಾಗಿದ್ದ ಅವನು 1878ರಲ್ಲೇ ಈ ಕ್ಷಾಮದ ಮೇಲೆ ಎರಡು ಸಂಪುಟ ಹೊರತಂದ. ಇಂದು ನಾವು ಲೆಕ್ಕ ಕೇಳಲು ಸಾಧ್ಯವಾಗಿರುವುದು ಅಂಥವರು ಬರೆದಿಟ್ಟಿದ್ದರಿಂದಲೇ.

ಅನುಬಂಧದ ಮಟ್ಟಿಗೆ ಮೇಡಂ ಜೊತೆ ಕೂತು ಒಂದು ತೀರ್ಮಾನಕ್ಕೆ ಬಂದಿದ್ದೇವೆ. ‘ಮಿಲಿಯನ್ಸ್’ ಇರುವ ಕಡೆ ‘ಹತ್ತಾರು ಲಕ್ಷ’. ಕಿವಿಗೆ ಅಷ್ಟು ಗಂಭೀರವಾಗಿ ಕೇಳುವುದಿಲ್ಲ, ಸಂತೆಯ ಮಾತಿನಂತಿದೆ ಎಂದು ವಿಭಾಗದ ಹಿರಿಯರೊಬ್ಬರು ಮೂಗು ಮುರಿದರು. ಇರಲಿ. ‘ಎ ಮಿಲಿಯನ್’ ಇದ್ದರೆ ಹತ್ತು ಲಕ್ಷ, ಅದರ ಕೆಳಗೆ ಜನಗಣತಿಯ ಅಂಕಿ ಇದ್ದಲ್ಲಿ ಅದನ್ನು ಪೂರ್ತಿಯಾಗಿ, ಒಂದೂ ಅಂಕಿ ದುಂಡಗೆ ಮಾಡದೆ, ಅಡಿಟಿಪ್ಪಣಿಯಲ್ಲಿ ಕೊಡುವುದು. ‘ಕೌಂಟ್‌ಲೆಸ್’ ಎಂಬ ಪದಕ್ಕೆ ಮಾತ್ರ ಇನ್ನೂ ಜಗಳ ನಡೆದಿದೆ. ಮೇಡಂ ‘ಅಸಂಖ್ಯಾತ’ ಎನ್ನುತ್ತಾರೆ, ನಾನು ‘ಲೆಕ್ಕ ಇಡದ’ ಎನ್ನುತ್ತೇನೆ.